ಕುರುಗೋಡಿನ ಕೆರೆಯಲ್ಲಿ ಈಸು ಕಲಿಸುತ್ತಿದ್ದವರು

ನೀರಿಗೆ ಇಳಿಯುವ ಮೊದಲು ಅವರು ಕೆರೆಯಿಂದ ಒಂದು ಬೊಗಸೆ ನೀರೆತ್ತಿ ಕುಡಿಯುತ್ತಿದ್ದರು. ಅದರಲ್ಲಿ ಭಕ್ತಿಯೇನೂ ಇರಲಿಲ್ಲ. ಹೋಟೆಲಿನ ಅಡುಗೆಯವನು ಸಾರಿನ ಉಪ್ಪು ನೋಡಿದ ಹಾಗೆ ತುಸು ಬಾಯಲ್ಲಿ ಆಡಿಸಿ ನುಂಗುತ್ತಿದ್ದರು. ಆಮೇಲೆ ಸಾಲಾಗಿ ನಿಂತ ಹುಡುಗರೂ ಒಂದೊಂದು ಬೊಗಸೆ ಕುಡಿಯಬೇಕು. ಏರಿಯ ಮೇಲೆ ತಾಯಂದಿರು ನಿಂತು ನೋಡುತ್ತಿರುವಾಗಲೇ ಇದು ನಡೆಯಬೇಕೆಂಬುದು ಅವರ ಕಟ್ಟುಪಾಡು. ನಾನು ಮೊದಲ ಸಲ ಆ ಸಾಲಿನಲ್ಲಿ ನಿಂತಾಗ ನನಗೆ ಇಪ್ಪತ್ತೈದು ದಾಟಿತ್ತು. ಅಕ್ಕಪಕ್ಕದವರು ನನ್ನ ಸೊಂಟಕ್ಕೆ ಬರುತ್ತಿದ್ದರು. ನಾನು ಬೊಗಸೆಯನ್ನು ಅನುಮಾನದಿಂದ ನೋಡುತ್ತಿದ್ದುದು ಅವರಿಗೆ ಕಂಡಿತು.

“ಕುಡೀರಿ ಪೇಪರ್ ಸಾಹೇಬ್ರ,” ಎಂದರು. “ಕುಡಿಯಾಕ ಬರದ ನೀರಾಗ ನಾ ಯಾರನ್ನೂ ಇಳಸಂಗಿಲ್ಲ.”

ನಾನು ಆಗ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿದ್ದ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಅಕ್ಕನನ್ನು ಕುರುಗೋಡಿಗೆ ಕೊಟ್ಟಿತ್ತು. ರಜೆಯ ದಿನ ಬಸ್ಸು ಹತ್ತಿ ಅವಳ ಮನೆಗೆ ಹೋಗುವುದು ರೂಢಿ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅಷ್ಟು ವಯಸ್ಸಾದರೂ ನನಗೆ ಈಜು ಬರುವುದಿಲ್ಲವೆಂಬುದು ನಮ್ಮ ಭಾವನಿಗೆ ನಗೆಯ ವಿಷಯವಾಗಿತ್ತು. ಅವರೇ ನನ್ನನ್ನು ಒಂದು ಬೆಳಿಗ್ಗೆ ಹಿಡಿದುಕೊಂಡು ಹೋಗಿ ಈಸು ಮಾಸ್ತರರಿಗೆ ಒಪ್ಪಿಸಿದರು. ಈಸು ಎಂದರೆ ನಮ್ಮ ಕಡೆ ಈಜು. ಮಾಸ್ತರರು ಯಾವ ಶಾಲೆಯ ಮಾಸ್ತರರೂ ಅಲ್ಲ. ಬಸ್ ನಿಲ್ಲುವ ಜಾಗದ ಎದುರಿಗೆ ಅವರದೊಂದು ಹೊಲಿಗೆ ಅಂಗಡಿ ಇತ್ತು. ಊರಿನ ಶಾಲೆಯ ಖಾಕಿ ಚಡ್ಡಿ, ಬಿಳಿ ಅಂಗಿಗಳೆಲ್ಲ ಅಲ್ಲೇ ತಯಾರಾಗುತ್ತಿದ್ದವು. ಈಜು ಕಲಿಸುವುದಕ್ಕೆ ಅವರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಬೆಳಗಾಗುತ್ತಲೇ ಕೆರೆ, ಬಿಸಿಲೇರುತ್ತಲೇ ಅಂಗಡಿ. ಅಳತೆಯ ಟೇಪು ಎರಡೂ ಕಡೆ ಕೊರಳಲ್ಲೇ ಇರುತ್ತಿತ್ತು. ನೀರಿಗೆ ಇಳಿಯುವಾಗ ಮಾತ್ರ ಅದನ್ನು ಮಡಿಚಿ ಚಪ್ಪಲಿಯೊಳಗೆ ಇಡುತ್ತಿದ್ದರು.

ಸಣಕಲು ಮನುಷ್ಯ. ಯಂತ್ರದ ಮೇಲೆ ಬಾಗಿ ಬಾಗಿ ಬೆನ್ನು ಗೂನಾಗಿತ್ತು. ದಾರಿಯಲ್ಲಿ ನಡೆದು ಬರುವಾಗ ಯಾರದೋ ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ ಕಾಣುತ್ತಿದ್ದರು. ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನೀರಿನಲ್ಲಿ ಹೆದರಿ ಒದ್ದಾಡುವ ಮಗುವಿಗೂ ಅವರು ಪಿಸುದನಿಯಲ್ಲೇ ಹೇಳುತ್ತಿದ್ದರು. ಕೇಳಿಸಿಕೊಳ್ಳಬೇಕೆಂದರೆ ಮಗು ಸುಮ್ಮನಾಗಲೇಬೇಕಿತ್ತು.

ಅವರ ಕಲಿಕೆಯ ಸಾಧನವೆಲ್ಲ ಅವರೇ ಹೊಲಿದದ್ದು. ಹಳೆಯ ಕ್ಯಾನ್ವಾಸಿನ ಅಗಲ ಪಟ್ಟಿ, ಅದಕ್ಕೆ ಬೆನ್ನಿನ ಕಡೆ ಸಾಲಾಗಿ ಕಿಸೆಗಳು, ಒಂದೊಂದು ಕಿಸೆಯಲ್ಲಿ ಒಂದೊಂದು ಒಣಗಿದ ಬೆಂಡು. ಹುಡುಗ ತೇಲುವುದನ್ನು ಕಲಿತಂತೆ ಬೆಂಡುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗುತ್ತಿದ್ದರು, ಅದೂ ಹುಡುಗನಿಗೆ ಹೇಳದೆ. ಕೊನೆಯ ಬೆಂಡು ಯಾವ ದಿನ ತೆಗೆದರೆಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಖಾಲಿ ಪಟ್ಟಿ ಕಟ್ಟಿಕೊಂಡೇ ಹುಡುಗರು ಎಷ್ಟೋ ದಿನ ಈಜಿರುತ್ತಿದ್ದರು. ನನ್ನ ಮಟ್ಟಿಗೆ ಈ ಉಪಾಯ ಸರಿಯಾಗಿ ನಡೆಯಲಿಲ್ಲ. ನಾನು ಪ್ರತಿ ಬೆಳಿಗ್ಗೆ ಕೈ ಹಿಂದೆ ಮಾಡಿ ಬೆಂಡು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹುಡುಗರು ನಗುತ್ತಿದ್ದರು. ಅವರಲ್ಲೊಬ್ಬ, ಪೇಪರಿನವರೇ ಮುಳುಗಿಬಿಟ್ಟರೆ ಮುಳುಗಿದ ಸುದ್ದಿಯನ್ನು ಬರೆಯುವವರು ಯಾರು ಎಂದು ಕೇಳಿದ. ಮಾಸ್ತರರು ಅವನ ತಲೆಯನ್ನು ಮೆಲ್ಲಗೆ ನೀರೊಳಗೆ ಒತ್ತಿ, “ಮೊದ್ಲು ನಿನ್ ಸುದ್ದಿ ನೋಡ್ಕೊಳಲೇ,” ಎಂದರು.

ಊರಿನ ಬಾವಿಗಳಲ್ಲಿ ಕಲಿಸಬಹುದಿತ್ತು. ತೋಟದ ಬಾವಿಗಳಿಗೆ ಮೆಟ್ಟಿಲಿದ್ದವು, ನೀರು ತಣ್ಣಗಿರುತ್ತಿತ್ತು. ಅವರು ಒಪ್ಪುತ್ತಿರಲಿಲ್ಲ. ಬಾವಿಗೆ ಮಾಲೀಕ ಇರುತ್ತಾನೆ, ಯಾರು ಇಳಿಯಬೇಕೆಂದು ಅವನು ಹೇಳುತ್ತಾನೆ ಎನ್ನುತ್ತಿದ್ದರು. ಅವರ ಸಾಲಿನಲ್ಲಿ ಕೆರೆಯ ಕೆಳಗಿನ ದಲಿತ ಕೇರಿಯ ಮಕ್ಕಳೂ ನಿಲ್ಲುತ್ತಿದ್ದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಊರಿನ ಒಬ್ಬ ದೊಡ್ಡ ಹಿಡುವಳಿದಾರರು ಅಂಗಡಿಗೆ ಬಂದು, ತಮ್ಮ ಮನೆಯ ಹುಡುಗರು ಇಳಿಯುವ ನೀರಿಗೆ ಅವರನ್ನು ಇಳಿಸಬಾರದೆಂದು ಹೇಳಿದ ದಿನ ನಮ್ಮ ಭಾವ ಅಲ್ಲೇ ಅಂಗಿಯ ಅಳತೆ ಕೊಡುತ್ತಿದ್ದರು. ಅವರೇ ನನಗೆ ಹೇಳಿದ್ದು. ಮಾಸ್ತರರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡನ್ನು ಅವರ ಮುಂದೆ ಇಟ್ಟು, “ನಿಮ್ಮ ನೀರು ಎಲ್ಲಿತನಕ ಅಂತ ಕೆರಿಯಾಗ ಒಂದು ಗೆರಿ ಹಾಕಿ ಕೊಡ್ರಿ ಗೌಡ್ರ. ಆ ಗೆರಿ ದಾಟಿ ಇಳಸಂಗಿಲ್ಲ,” ಎಂದರಂತೆ. ಗೌಡರು ಹೊರಟುಹೋದರು. ಸ್ವಲ್ಪ ದಿನ ಅವರ ಮನೆಯ ಹುಡುಗರು ಬರಲಿಲ್ಲ. ಬೇಸಿಗೆಯ ಧಗೆ ಏರಿದಾಗ ಬಂದರು.

ಕೆರೆಗೆ ಮಳೆನೀರು ತರಲೆಂದು ಹಿಂದಿನವರು ತೋಡಿದ ಒಂದು ಕಾಲುವೆಯಿತ್ತು. ಗುಡ್ಡದ ಬುಡದಿಂದ ಹೊರಟು, ಸಿರುಗುಪ್ಪದ ರಸ್ತೆಯನ್ನು ಅಡ್ಡ ಹಾಯ್ದು ಕೆರೆ ಸೇರುತ್ತಿತ್ತು. ನಾನು ನೋಡುವ ಹೊತ್ತಿಗೆ ಅದರಲ್ಲಿ ಹೂಳು ತುಂಬಿ, ಹೂಳಿನ ಮೇಲೆ ಬಳ್ಳಾರಿ ಜಾಲಿಯೂ ಜೊಂಡೂ ಒತ್ತಾಗಿ ಬೆಳೆದಿದ್ದವು. ಕಾಲುವೆ ಎಂದು ಯಾರಾದರೂ ತೋರಿಸಿದರೆ ಮಾತ್ರ ತಿಳಿಯುತ್ತಿತ್ತು. ಎಪ್ಪತ್ತರ ದಶಕದ ಮೊದಲಿಗೆ ಆ ಕಾಲುವೆಯ ಮೇಲ್ಭಾಗದಲ್ಲಿ ಒಂದು ಅಕ್ಕಿಗಿರಣಿ ಬಂತು. ಮಾಲೀಕರು ಸಿರುಗುಪ್ಪದವರು; ಅಲ್ಲಿ ಆಗಲೇ ಒಂದು ಗಿರಣಿ ನಡೆಸುತ್ತಿದ್ದರು. ಇಲ್ಲಿಯದು ಕುಸುಬಲಕ್ಕಿಯ ಗಿರಣಿ. ಭತ್ತವನ್ನು ತೊಟ್ಟಿಗಳಲ್ಲಿ ನೆನೆಹಾಕಿ, ಆವಿಯಲ್ಲಿ ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ನೆನೆಹಾಕಿದ ನೀರನ್ನು ಹೊರಗೆ ಬಿಡಲೇಬೇಕು. ಆ ನೀರು ಹಳದಿಯಾಗಿ, ಹುಳಿತ ಗಂಜಿಯ ವಾಸನೆ ಹೊಡೆಯುತ್ತಿತ್ತು.

ಕೆಲವು ವರ್ಷಗಳಲ್ಲಿ ಕೆರೆಯ ಅಂಚಿಗೆ ಎಣ್ಣೆಯ ಹಾಗೆ ಒಂದು ಪೊರೆ ಕಾಣತೊಡಗಿತು. ಹುಡುಗರ ಮೈಮೇಲೆ ಕಜ್ಜಿ ಎದ್ದಿತು. ಒಂದು ಬೆಳಿಗ್ಗೆ ಮಾಸ್ತರರು ಬೊಗಸೆಯ ನೀರನ್ನು ಬಾಯಿಗೆ ಹಾಕಿಕೊಂಡವರು ಉಗುಳಿದರು. ಸಾಲಾಗಿ ನಿಂತ ಹುಡುಗರಿಗೆ, ಇವತ್ತು ಬೇಡ, ಮನೆಗೆ ಹೋಗಿ ಎಂದರು. ನಾನು ಆ ಬೆಳಿಗ್ಗೆ ಅಲ್ಲಿದ್ದೆ. ಹುಡುಗರು ರಜೆ ಸಿಕ್ಕಂತೆ ಕೂಗುತ್ತ ಓಡಿದರು. ಅವರು ಚಪ್ಪಲಿಯೊಳಗಿನ ಟೇಪನ್ನು ತೆಗೆದು ಕೊರಳಿಗೆ ಹಾಕಿಕೊಂಡು ಅಂಗಡಿಗೆ ಹೊರಟರು. ಅಂಗಡಿ ತೆರೆಯಲು ಇನ್ನೂ ಹೊತ್ತಿತ್ತು.

ಆ ಬೆಳಿಗ್ಗೆಯಿಂದ ಕಲಿಸುವುದು ನಿಂತಿತು. ಮುಂದಿನ ತಿಂಗಳು ಅವರು ಬ್ರೂಸ್‌ಪೇಟೆಯ ನಮ್ಮ ಕಚೇರಿಗೆ ಬಂದರು. ನೂಲಿನ ಉಂಡೆ, ಗುಂಡಿ, ಅಸ್ತರದ ಬಟ್ಟೆಯನ್ನು ಸಗಟು ಅಂಗಡಿಯಿಂದ ಒಯ್ಯಲು ಅವರು ಆಗಾಗ ಬಳ್ಳಾರಿಗೆ ಬರುತ್ತಿದ್ದರು. ಕಚೇರಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕೆರೆ ನೀರು ಕೆಟ್ಟಿದೆ ಎಂದು ಬರೆಯಿರಿ ಎಂದರು. ಬರೆಯಬೇಕಾದರೆ ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ ಎಂದು ಹೇಳುವವರು ಬೇಕು ಎಂದೆ. ಹಾಗೆ ಅವರನ್ನು ನನಗೆ ಪರಿಚಯವಿದ್ದ ಒಬ್ಬ ರಸಾಯನಶಾಸ್ತ್ರದ ಅಧ್ಯಾಪಕರ ಹತ್ತಿರ ಕರೆದುಕೊಂಡು ಹೋದೆ. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಅವರು ವಿದ್ಯಾರ್ಥಿಗಳ ಸೇವಾ ತಂಡವನ್ನೂ ನೋಡಿಕೊಳ್ಳುತ್ತಿದ್ದರು. ಅಧ್ಯಾಪಕರು ಕುರುಗೋಡಿಗೆ ಬಂದು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಬಸ್ಸು ಹತ್ತಿದಾಗ, ಇದೇನು ಸಾರಾಯಿ ಸಾಗಿಸುತ್ತೀರಾ ಎಂದು ಕಂಡಕ್ಟರ್ ತಡೆದ. ಮಾಸ್ತರರು ಒಂದು ಬಾಟಲಿಯ ಬಿರಡೆ ತೆಗೆದು ಅವನ ಮೂಗಿಗೆ ಹಿಡಿದರು. ಅವನು ಮುಖ ತಿರುಗಿಸಿ ಟಿಕೆಟ್ ಹರಿದ.

ಕೆರೆಯನ್ನು ಕೆಡಿಸಿದ್ದು ಗಿರಣಿಯ ನೀರೇ ಎಂದು ಪರೀಕ್ಷೆಯಲ್ಲಿ ತಿಳಿದು, ಒಂದೆರಡು ವರ್ಷ ಓಡಾಡಿದ ಮೇಲೆ ಸಮಿತಿಯೊಂದು ಆಯಿತು. ಮೊದಲ ಸಭೆ ಹೊಲಿಗೆ ಅಂಗಡಿಯಲ್ಲೇ. ಹೊಲಿಯದ ಬಟ್ಟೆಯ ಗಂಟುಗಳ ಮೇಲೆ ಅಧ್ಯಾಪಕರು, ಪಂಚಾಯಿತಿಯವರು, ನೀರಾವರಿ ಇಲಾಖೆಯ ಸೆಕ್ಷನ್ ಆಫೀಸರು ಕುಳಿತರು. ಗಿರಣಿಯ ಮಾಲೀಕರೂ ಕರೆಯದೆಯೇ ಬಂದು ಇಸ್ತ್ರಿ ಮೇಜಿನ ಮೇಲೆ ಕುಳಿತರು. ನಯವಾದ ಮನುಷ್ಯ. ಕನ್ನಡದ ನಡುವೆ ತೆಲುಗು ಸೇರಿಸಿ, ಎಲ್ಲರಿಗೂ ಗಾರು ಹಚ್ಚಿ ಮಾತಾಡುತ್ತಿದ್ದರು. ಗಿರಣಿಯ ಹಿಂದೆ ದೊಡ್ಡದೊಂದು ಇಂಗುಗುಂಡಿ ತೋಡಿಸಿ ನೀರನ್ನೆಲ್ಲ ಅದಕ್ಕೆ ಬಿಡುತ್ತೇನೆ, ಶ್ರಮದಾನಕ್ಕೆ ಟ್ರ್ಯಾಕ್ಟರ್ ಕೊಡುತ್ತೇನೆ, ಬಂದವರಿಗೆ ಊಟ ನನ್ನದು ಎಂದರು. ಸಭೆ ಚಪ್ಪಾಳೆ ತಟ್ಟಿತು.

ಏನು ಮಾಡಬೇಕೆಂಬುದರಲ್ಲಿ ಎರಡು ಅಭಿಪ್ರಾಯಗಳಿದ್ದವು. ಅಧ್ಯಾಪಕರು, ಮೊದಲು ಗಿರಣಿಯ ನೀರು ನಿಲ್ಲಲಿ, ಒಂದು ಮಳೆಗಾಲ ಕಳೆಯಲಿ, ಆಮೇಲೆ ಮತ್ತೆ ನೀರು ಪರೀಕ್ಷೆ ಮಾಡಿ ಮುಂದಿನದನ್ನು ನೋಡೋಣ ಎಂದರು. ಮಾಸ್ತರರು ಹಳೆಯ ಕಾಲುವೆಯ ಹೂಳು ತೆಗೆಯಬೇಕೆಂದರು, ಅದೂ ಈ ಬೇಸಿಗೆಯಲ್ಲೇ. ಹೊಸ ಮಳೆನೀರು ಭರದಿಂದ ಒಳಗೆ ಬಂದರೆ ಕೆಟ್ಟ ನೀರು ಕೋಡಿಯ ಮೇಲೆ ಹರಿದು ಹೋಗುತ್ತದೆ, ತಂಬಿಗೆ ತೊಳೆದ ಹಾಗೆ ಎಂಬುದು ಅವರ ನಂಬಿಕೆ. ಒಂದು ವರ್ಷ ತಡೆದರೆ ಏನಾಗುತ್ತದೆ ಎಂದು ಅಧ್ಯಾಪಕರು ಕೇಳಿದರು.

“ನಿಮ್ಮ ಬಾಟ್ಲಿ ಕಾಯ್ತಾವ ಸರ್. ಹುಡುಗ್ರು ಕಾಯಂಗಿಲ್ಲ,” ಎಂದರು ಮಾಸ್ತರರು. “ನಾ ಕಲಸೋದು ಬಿಟ್ಟಾಗಿಂದ ಒಂದು ಸಾಲು ಹುಡುಗ್ರು ಬೆಳದು ನಿಂತಾವ. ಹತ್ತು ದಾಟಿದ್ರ ಎದಿಯಾಗ ಅಂಜಿಕಿ ಕುಂದರ್ತೈತಿ. ಆಮ್ಯಾಲ ಬಲು ಕಷ್ಟ. ಬೇಕಾದ್ರ ಪೇಪರ್ ಸಾಹೇಬ್ರನ್ನ ಕೇಳ್ರಿ.”

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಆ ನಗುವಿನಲ್ಲೇ ತೀರ್ಮಾನವಾಯಿತು. ಸೆಕ್ಷನ್ ಆಫೀಸರು ಇಲಾಖೆಯ ಒಪ್ಪಿಗೆ ತರಿಸಿಕೊಡುವುದಾಗಿ ಹೇಳಿದರು. ತರಿಸಿಯೂ ಕೊಟ್ಟರು.

ಆ ಬೇಸಿಗೆಯ ಭಾನುವಾರಗಳನ್ನು ನಾನು ಕಂಡಿದ್ದೇನೆ. ಬಳ್ಳಾರಿಯಿಂದ ಕಾಲೇಜಿನ ಹುಡುಗರು ಬಸ್ಸಿನ ಟಾಪಿನ ಮೇಲೆ ಕುಳಿತು ಬರುತ್ತಿದ್ದರು. ಮಾಸ್ತರರ ಹತ್ತಿರ ಈಜು ಕಲಿತು, ಮದುವೆಯಾಗಿ, ಮೀಸೆ ಬಂದವರು ಗುದ್ದಲಿ ಹಿಡಿದು ಬಂದರು. ಕೇರಿಯ ಹೆಂಗಸರು ಬುಟ್ಟಿ ತಂದರು. ಹಿಂದೆ ಅಂಗಡಿಗೆ ಬಂದು ಮಾತಾಡಿ ಹೋಗಿದ್ದ ಗೌಡರು ಎರಡು ಜೊತೆ ಎತ್ತು ಕಳಿಸಿದರು. ಮಾಸ್ತರರು ಎಲ್ಲರಿಗಿಂತ ಮುಂದೆ ಕುಡುಗೋಲು ಹಿಡಿದು ಜಾಲಿ ಕಡಿಯುತ್ತಿದ್ದರು. ಜಾಲಿಮುಳ್ಳು ಚುಚ್ಚಿ ಅವರ ಬೆರಳುಗಳು ಬಾತುಕೊಂಡು ಸೂಜಿಗೆ ದಾರ ಪೋಣಿಸಲಾಗದಂತಾದವು. ಶಾಲೆ ತೆರೆಯುವ ಹೊತ್ತಿಗೆ ಸಮವಸ್ತ್ರಗಳು ತಯಾರಾಗಲಿಲ್ಲ. ಹೆಡ್‌ಮಾಸ್ಟರು ಬಂದು, ನಿಮ್ಮ ಕಾಲುವೆ ದೆಸೆಯಿಂದ ನಮ್ಮ ಹುಡುಗರು ಬಣ್ಣಬಣ್ಣದ ಅಂಗಿಯಲ್ಲಿ ಪ್ರಾರ್ಥನೆಗೆ ನಿಲ್ಲುವಂತಾಯಿತು ಎಂದು ಅಣಕಿಸಿದರು. ಮಾಸ್ತರರು ಬಾತ ಬೆರಳುಗಳನ್ನು ನೋಡಿಕೊಂಡು ನಕ್ಕರು. ಅವರು ಸೊಂಟದ ತನಕ ಕಾಲುವೆಯಲ್ಲಿ ನಿಂತು ಮಣ್ಣಿನ ಬುಟ್ಟಿ ಎತ್ತಿ ಕೊಡುತ್ತಿರುವ ಚಿತ್ರವನ್ನು ನಮ್ಮ ಪತ್ರಿಕೆ ಮುಖಪುಟದಲ್ಲಿ ಹಾಕಿತು. ಜತೆಗಿದ್ದ ಸುದ್ದಿ ನನ್ನದು.

ಮಳೆ ಚೆನ್ನಾಗಿ ಆಯಿತು. ಕಾಲುವೆ ಕೆಂಪಗೆ ಹರಿದು ಕೆರೆಗೆ ನುಗ್ಗಿತು. ಎಷ್ಟೋ ವರ್ಷಗಳ ಮೇಲೆ ಕೋಡಿ ಬಿತ್ತು. ಊರಿಗೆ ಊರೇ ಏರಿಯ ಮೇಲಿತ್ತು. ಹೆಂಗಸರು ಬಾಗಿನ ಬಿಟ್ಟರು. ಮಾಸ್ತರರು ಅಂದು ನೀರು ಕುಡಿಯಲಿಲ್ಲ. ರಾಡಿ ಇಳಿಯಬೇಕು ಎಂದರು. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಕುಡಿದರು. ಮರುದಿನದಿಂದ ಹುಡುಗರ ಸಾಲು ನಿಂತಿತು. ಆ ಸಲ ಬೆಂಡಿನ ಪಟ್ಟಿಗಳು ಸಾಲದೆ ಅವರ ಹೆಂಡತಿಯೂ ಕೂತು ಹೊಲಿದರು. ನಾನು ಹೋದಾಗ ಆಕೆ ಚಹಾ ಕೊಡುತ್ತ, “ಮಿಷನ್ ಮ್ಯಾಲ ಕುಂತು ಹಾಡಾಕ ಹತ್ಯಾರ ನೋಡ್ರಿ ನಿಮ್ಮ ಮಾಸ್ತರು. ಮದಿವಿ ಆದಾಗಿಂದ ನಾ ಕೇಳಿದ್ದಿಲ್ಲ,” ಎಂದರು. ಒಳಗಿನಿಂದ ಹಾಡು ಥಟ್ಟನೆ ನಿಂತಿತು.

ಅದು ಕೆಲವೇ ವಾರಗಳ ಮಾತು. ಹೊಸ ಭತ್ತ ಗಿರಣಿಗೆ ಬರುವ ಕಾಲ ಬಂತು. ಗಿರಣಿ ಹಗಲೂ ರಾತ್ರಿ ನಡೆಯಿತು. ಮಾಲೀಕರು ಹೇಳಿದ ಇಂಗುಗುಂಡಿಯನ್ನು ತೋಡಿಸಿದ್ದರು, ಅದು ಸುಳ್ಳಲ್ಲ. ಆದರೆ ನಮ್ಮ ಕರಿಮಣ್ಣಿನ ನೆಲದಲ್ಲಿ ನೀರು ಇಂಗುವುದಿಲ್ಲ. ಗುಂಡಿ ತುಂಬಿತು, ತುಂಬಿ ಹೊರಚೆಲ್ಲಿತು, ಚೆಲ್ಲಿದ ನೀರು ಕಾಲುವೆಗೆ ಇಳಿಯಿತು. ಕಾಲುವೆ ಈಗ ಕೈಯಲ್ಲಿ ಒರೆಸಿದ ಹಾಗೆ ಚೊಕ್ಕಟವಾಗಿತ್ತು.

ಅಕ್ಕ ಬಸ್ ಡ್ರೈವರನ ಕೈಯಲ್ಲಿ ಹೇಳಿಕಳಿಸಿದಳು. ನಾನು ಹೋದಾಗ ವಾಸನೆ ಬಸ್ಸು ನಿಲ್ಲುವ ಜಾಗಕ್ಕೇ ಬರುತ್ತಿತ್ತು. ಕೆರೆಯ ನೀರು ಕಪ್ಪಾಗಿತ್ತು. ಸತ್ತ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ಏರಿಯ ಉದ್ದಕ್ಕೂ ಒತ್ತಿಕೊಂಡಿದ್ದವು. ಅಧ್ಯಾಪಕರು ಮರುದಿನ ಬಂದರು. ಬಾಟಲಿ ತಂದಿದ್ದರೂ ತುಂಬಲಿಲ್ಲ. ಕಾಲುವೆಯ ಉದ್ದಕ್ಕೂ ಗಿರಣಿಯ ತನಕ ನಡೆದು ಹೋಗಿ ಹಿಂದಿರುಗಿದರು. ಅವರು ಆಮೇಲೆ ಅಂಗಡಿಯಲ್ಲಿ ಕುಳಿತು ಹೇಳಿದ್ದು ಇಷ್ಟು. ಇಷ್ಟು ವರ್ಷ ಗಿರಣಿಯ ನೀರಿನಲ್ಲಿ ಬಹುಪಾಲು ಕೆರೆಗೆ ಬರುತ್ತಲೇ ಇರಲಿಲ್ಲ. ಆ ಹೂಳು, ಆ ಜಾಲಿ, ಆ ಜೊಂಡು ಅದನ್ನು ದಾರಿಯಲ್ಲೇ ಹಿಡಿದು ಒಣಗಿಸುತ್ತಿದ್ದವು. ಬರುತ್ತಿದ್ದುದು ಅಳಿದುಳಿದ ಅಲ್ಪಸ್ವಲ್ಪ. ಅದನ್ನೇ ಕಂಡು ನಾವು ಕೆರೆ ಕೆಟ್ಟಿತು ಎಂದುಕೊಂಡೆವು. ನನಗೂ ಇದು ಹೊಳೆಯಲಿಲ್ಲ, ಹೊಳೆದಿದ್ದರೆ ಹಟ ಹಿಡಿಯುತ್ತಿದ್ದೆ ಎಂದು ಅಧ್ಯಾಪಕರು ಸೇರಿಸಿದರು. ಮಾಸ್ತರರು ಯಾವುದೋ ಅಂಗಿಯ ಕಾಲರಿಗೆ ಗುರುತು ಹಾಕುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ. ಹಾಕಿದ ಗುರುತಿನ ಮೇಲೆಯೇ ಸೀಮೆಸುಣ್ಣ ಮತ್ತೆ ಮತ್ತೆ ಹೋಗುತ್ತಿತ್ತು.

ಆ ಸಂಜೆ ಅವರ ಜೊತೆ ನಾನೂ ಗಿರಣಿಗೆ ಹೋದೆ. ಮಾಲೀಕರು ಎದ್ದು ನಿಂತು ಬರಮಾಡಿಕೊಂಡರು, ಕುರ್ಚಿ ಹಾಕಿಸಿದರು. ಮಾಸ್ತರರು ಕುಳಿತುಕೊಳ್ಳಲಿಲ್ಲ. ಗಿರಣಿಯನ್ನು ಸ್ವಲ್ಪ ದಿನ ನಿಲ್ಲಿಸಿ ಎಂದು ಕೇಳಿದರು. ಸುಗ್ಗಿಯಲ್ಲಿ ನಿಲ್ಲಿಸಲಿಕ್ಕಾಗುವುದಿಲ್ಲ, ರೈತರ ಭತ್ತ ಮುಗ್ಗುತ್ತದೆ ಎಂದರು ಮಾಲೀಕರು. ನೀರನ್ನು ಬೇರೆ ಕಡೆ ತಿರುಗಿಸಿ ಎಂದರೆ, ಸುತ್ತ ಇರುವುದು ಬೇರೆಯವರ ಹೊಲ ಎಂದರು. ಅದೂ ನಿಜವೇ. ಟ್ರ್ಯಾಕ್ಟರ್ ಕೊಟ್ಟಿದ್ದು ಇದಕ್ಕೇನಾ ಎಂದು ಮಾಸ್ತರರು ಕೇಳಿದಾಗ ಮಾತ್ರ ಅವರ ಮುಖ ಬದಲಾಯಿತು. ದನಿ ಬದಲಾಗಲಿಲ್ಲ.

“ಮಾಸ್ತರ್ ಗಾರು, ಕಾಲುವಿ ತೋಡ್ರಿ ಅಂತ ನಾನು ನಿಮಗ ಹೇಳಿದ್ನಾ? ಬ್ಯಾಡ ಅಂತ ಓದಿದವ್ರು ಅಂದ್ರು. ತೋಡಾಕ ಬೇಕು ಅಂದವ್ರು ನೀವು. ನೀವು ಕೇಳಿದ್ರಿ, ನಾ ಕೊಟ್ಟೆ.”

ಕಾಲುವೆ ತೆರೆದರೆ ತಮ್ಮ ನೀರು ಸಲೀಸಾಗಿ ಕೆರೆಗೆ ಹರಿದುಹೋಗುತ್ತದೆಂದು ಮಾಲೀಕರಿಗೆ ಮೊದಲೇ ಗೊತ್ತಿತ್ತು ಎಂದು ಊರು ಈಗಲೂ ಹೇಳುತ್ತದೆ. ಗೊತ್ತಿತ್ತು ಎನ್ನುವುದಕ್ಕೆ ನನ್ನ ಹತ್ತಿರ ಆಧಾರವಿಲ್ಲ. ಗೊತ್ತಿರಲಿಲ್ಲ ಎನ್ನುವುದಕ್ಕೂ ಇಲ್ಲ. ಮಾಸ್ತರರು ಆ ಚರ್ಚೆಗೆ ಯಾವತ್ತೂ ಸೇರಲಿಲ್ಲ. ಗಿರಣಿಯಿಂದ ಹಿಂದಿರುಗುವಾಗ ಕಾಲುವೆಯ ಪಕ್ಕದಲ್ಲಿ ಒಂದು ಕಡೆ ನಿಂತು, ಈ ತಿರುವಿನಲ್ಲಿ ಕಲ್ಲು ಗಟ್ಟಿಯಿತ್ತು, ಇದನ್ನು ಒಡೆಯಲು ಒಂದು ಇಡೀ ಭಾನುವಾರ ಹಿಡಿಯಿತು ಎಂದರು.

ಕಾಲುವೆಯನ್ನು ಮತ್ತೆ ಮುಚ್ಚಲು ಅವರು ಪ್ರಯತ್ನಪಟ್ಟರು. ಮೊದಲು ಕೆಲವರು ಜೊತೆಗೆ ಬಂದರು. ಕಿತ್ತು ದಂಡೆಗೆ ಹಾಕಿದ್ದ ಹೂಳನ್ನು ಬುಟ್ಟಿಯಲ್ಲಿ ಹೊತ್ತು ಕಾಲುವೆಗೇ ಸುರಿದರು. ಕಾಲುವೆಯ ಅಕ್ಕಪಕ್ಕದ ಹೊಲದವರು ತಕರಾರು ಮಾಡಿದರು. ಮಳೆಗಾಲದಲ್ಲಿ ತಮ್ಮ ಹೊಲದ ನೀರು ಬೇಗ ಹರಿದು ಹೋಗಿ ಬೆಳೆ ಉಳಿದದ್ದು ಈ ಕಾಲುವೆಯಿಂದ, ಮುಚ್ಚಬಾರದು ಎಂದರು. ಆಮೇಲೆ ಇಲಾಖೆಯಿಂದ ನೋಟೀಸು ಬಂತು. ಸರಕಾರಿ ಕಾಲುವೆಗೆ ಅಡ್ಡಿ ಮಾಡುವುದು ಅಪರಾಧ ಎಂದು ಅದರಲ್ಲಿತ್ತು. ಹೂಳು ತೆಗೆಯಲು ಒಪ್ಪಿಗೆ ತರಿಸಿಕೊಟ್ಟಿದ್ದ ಸೆಕ್ಷನ್ ಆಫೀಸರೇ ನೋಟೀಸನ್ನೂ ತಂದುಕೊಟ್ಟರು. ತಮ್ಮ ಕೈಯಲ್ಲಿ ಏನೂ ಇಲ್ಲ, ತೆಗೆಯುವುದಕ್ಕೆ ಒಪ್ಪಿಗೆ ಸಿಗುತ್ತದೆ, ತುಂಬುವುದಕ್ಕೆ ಒಪ್ಪಿಗೆ ಕೊಡುವ ಪದ್ಧತಿಯೇ ಇಲ್ಲ ಎಂದು ಅವರು ಬೇಸರದಿಂದಲೇ ಹೇಳಿದರು. ಮಾಸ್ತರರು ಸ್ವಲ್ಪ ದಿನ ಒಬ್ಬರೇ ಬುಟ್ಟಿ ಹೊತ್ತರು. ಪೊಲೀಸಿನವರು ಬಂದು ಬುದ್ಧಿ ಹೇಳಿ ಹೋದ ಮೇಲೆ ಅವರ ಹೆಂಡತಿ ಬುಟ್ಟಿಯನ್ನು ಅಡಗಿಸಿಟ್ಟರು.

ಸಮಿತಿಯನ್ನು ಯಾರೂ ವಿಸರ್ಜಿಸಲಿಲ್ಲ. ವಿದ್ಯಾರ್ಥಿಗಳು ಪರೀಕ್ಷೆ ಮುಗಿಸಿ ಹೋದರು. ಅಧ್ಯಾಪಕರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಕೇರಿಯ ಹೆಂಗಸರು ಕುಡಿಯುವ ನೀರಿಗೆ ದೂರದ ಕೊಳವೆಬಾವಿಗೆ ನಡೆಯತೊಡಗಿದರು. ಏರಿಯ ಮೇಲೆ ಈ ನೀರನ್ನು ಬಳಸಬಾರದೆಂದು ಒಂದು ಹಲಗೆ ನೆಟ್ಟರು. ನಾನು ಗಿರಣಿ, ಕಾಲುವೆ, ಕೆರೆ ಎಲ್ಲವನ್ನೂ ಸೇರಿಸಿ ಎರಡು ಸಲ ಬರೆದೆ. ಎರಡೂ ಅಚ್ಚಾದವು. ಅಚ್ಚಾದದ್ದರಿಂದ ಏನೂ ಆಗಲಿಲ್ಲ.

ಎಂಬತ್ತರ ದಶಕ ಬರುವ ಹೊತ್ತಿಗೆ ಕುರುಗೋಡಿನ ಹುಡುಗರು ಬೇಸಿಗೆಯಲ್ಲಿ ತುಂಗಭದ್ರೆಯ ಕಾಲುವೆಗೆ ಹೋಗತೊಡಗಿದ್ದರು. ಸೈಕಲ್ಲಿನ ಮೇಲೆ ಇಬ್ಬರು ಮೂವರು ಕುಳಿತು ಹೋಗುತ್ತಿದ್ದರು. ಅಲ್ಲಿ ಹೋಗಿ ಕಲಿಸಿ ಎಂದು ಜನ ಮಾಸ್ತರರನ್ನು ಕೇಳಿದ್ದುಂಟು. ಕಾಲುವೆಯ ನೀರು ನಿಲ್ಲುವುದಿಲ್ಲ, ಎಳೆಯುತ್ತದೆ, ಇಳಿಜಾರು ಕಲ್ಲಿನ ಮೇಲೆ ಪಾಚಿ, ಹತ್ತಲು ಹಿಡಿತವಿಲ್ಲ, ಅಲ್ಲಿ ಈಜು ಬರುವವನು ಮಾತ್ರ ಇಳಿಯಬೇಕು, ಕಲಿಯುವವನಲ್ಲ ಎಂದು ಅವರು ನಿರಾಕರಿಸಿದರು. ಹುಡುಗರನ್ನು ಹೋಗದಂತೆ ತಡೆಯಲೂ ನೋಡಿದರು. ಸೈಕಲ್ಲುಗಳು ಅವರ ಅಂಗಡಿಯ ಮುಂದೆಯೇ ಹಾದು ಹೋಗಬೇಕಿತ್ತು. ಅವರು ಯಂತ್ರ ಬಿಟ್ಟು ಎದ್ದು ಬರುವಷ್ಟರಲ್ಲಿ ದಾಟಿಬಿಡುತ್ತಿದ್ದವು.

ಕಾಲುವೆಯಲ್ಲಿ ಮುಳುಗಿ ಸತ್ತವರ ಸುದ್ದಿ ನಮ್ಮ ಪತ್ರಿಕೆಗೆ ಹೊಸದಲ್ಲ. ಹೆಸರು, ವಯಸ್ಸು, ಊರು, ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ. ಅಷ್ಟು ಬರೆದರೆ ಮುಗಿಯಿತು. ಎಂಬತ್ತರ ದಶಕ ಮುಗಿಯುತ್ತಿದ್ದಾಗ ಒಂದು ಬೇಸಿಗೆ ಅಂಥದ್ದೇ ಒಂದು ಸುದ್ದಿಯಲ್ಲಿ ಊರಿನ ಹೆಸರು ಕುರುಗೋಡು ಎಂದಿತ್ತು. ಸತ್ತ ಹುಡುಗನ ತಂದೆ ನನಗೆ ಗೊತ್ತಿದ್ದವನು. ಕೆರೆಯ ಸಾಲಿನಲ್ಲಿ ನನ್ನ ಪಕ್ಕ ನಿಂತು, ಪೇಪರಿನವರು ಮುಳುಗಿದರೆ ಬರೆಯುವವರು ಯಾರು ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ ಹುಡುಗ, ಈಗ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದ. ಮಗನನ್ನು ಕಾಲುವೆ ಎಳೆದೊಯ್ದಾಗ ಅವನೇ ನೀರಿಗೆ ಬಿದ್ದು ಕೆಳಗಿನ ಸೇತುವೆಯ ತನಕ ಈಜಿ ಹುಡುಕಿದ. ಸಿಕ್ಕಿದ್ದು ಮರುದಿನ, ಇನ್ನೂ ಕೆಳಗೆ.

ನಾನು ಮಣ್ಣಿಗೆ ಹೋಗಿದ್ದೆ. ಮಾಸ್ತರರೂ ಬಂದಿದ್ದರು, ಎಲ್ಲರಿಗಿಂತ ಹಿಂದೆ ನಿಂತಿದ್ದರು. ಎಲ್ಲ ಮುಗಿದ ಮೇಲೆ ತಂದೆ ಅವರ ಹತ್ತಿರ ಬಂದ. ಜಗಳಕ್ಕೆ ಬಂದವನ ಹಾಗಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವನ ಹಾಗಿತ್ತು.

“ನನಗ ಕಲಿಸಿದ್ರಿ. ನಮ್ಮಣ್ಣಗ ಕಲಿಸಿದ್ರಿ. ನನ್ನ ಮಗಗ ಯಾಕ ಕಲಸ್ಲಿಲ್ಲರಿ ಮಾಸ್ತರ?”

ಮಾಸ್ತರರ ತುಟಿ ಅಲ್ಲಾಡಿತು. ಅವರು ಮೊದಲಿನಿಂದಲೂ ಪಿಸುದನಿಯಲ್ಲೇ ಮಾತಾಡುವವರು. ಆದರೆ ಆ ದಿನ ಅವನಿಗೆ ಅಷ್ಟು ಹತ್ತಿರ ನಿಂತಿದ್ದ ನನಗೂ ಏನೂ ಕೇಳಿಸಲಿಲ್ಲ. ಅವನು ಅವರ ತೋಳು ಮುಟ್ಟಿ, ಮನೆಗೆ ಹೋದ.

ಅದಾದ ಮೇಲೆ ಬಳ್ಳಾರಿಗೆ ಬಂದಾಗಲೆಲ್ಲ ಅವರು ಕಚೇರಿಗೆ ಬರುತ್ತಿದ್ದರು. ನೂಲಿನ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಹಳೆಯ ಪತ್ರಿಕೆಗಳನ್ನು ತಿರುವುತ್ತಿದ್ದರು. ಕಾಲುವೆಯ ಸುದ್ದಿ ಸಿಕ್ಕಿದರೆ ಬೆರಳಿಟ್ಟು ಓದುತ್ತಿದ್ದರು. ಒಂದು ಸಲ ತಲೆಯೆತ್ತಿ ನನ್ನನ್ನು ಕೇಳಿದರು: “ಹೆಸರು ಬರೀತೀರಿ, ವಯಸ್ಸು ಬರೀತೀರಿ. ಅವಗ ಈಸಾಕ ಬರ್ತಿತ್ತೋ ಇಲ್ಲೋ ಅಂತ ಯಾಕ ಬರೆಯಂಗಿಲ್ರಿ?” ಪೊಲೀಸರ ವರದಿಯಲ್ಲಿ ಅದು ಇರುವುದಿಲ್ಲ ಎಂದೆ. ಅವರು ತಲೆಯಾಡಿಸಿದರು. ಆ ಉತ್ತರದಿಂದ ಅವರಿಗೆ ಸಮಾಧಾನವಾಯಿತೆಂದು ನಾನು ಹೇಳಲಾರೆ. ನನಗೂ ಆಗಿಲ್ಲ.

ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಗಿ ಹೊಲಿಗೆ ನಿಂತಿತು. ಸಿದ್ಧ ಉಡುಪುಗಳ ಅಂಗಡಿ ಬಂದು ಹೊಲಿಸುವವರೂ ಕಡಿಮೆಯಾಗಿದ್ದರು. ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಗೆ ಕುರುಗೋಡಿನಿಂದ ಸುದ್ದಿ ಕೊಡುತ್ತಿದ್ದ ಹುಡುಗ ಫೋನಿನಲ್ಲಿ ಕೊಟ್ಟ. ಹಿರಿಯ ದರ್ಜಿ, ಪತ್ನಿ ಮತ್ತು ಮಗಳನ್ನು ಅಗಲಿದ್ದಾರೆ. ತಿದ್ದುವಂಥದ್ದು ಏನೂ ಇರಲಿಲ್ಲ. ಹಾಗೇ ಅಚ್ಚಿಗೆ ಕಳಿಸಿ ನಾನು ಬಸ್ಸು ಹತ್ತಿದೆ.

ಮಣ್ಣು ಮಾಡಿ ಬರುವಾಗ ಸಂಜೆಯಾಗಿತ್ತು. ಸ್ನಾನ ಮಾಡದೆ ಮನೆಯೊಳಗೆ ಹೋಗುವಂತಿಲ್ಲ. ಆ ಊರಿನಲ್ಲಿ ಮಣ್ಣಿಗೆ ಹೋದವರು ಕೆರೆಯಲ್ಲಿ ಮುಳುಗಿ ಎದ್ದು ಮನೆಗೆ ಹೋ‌ಗುವುದು ಹಿಂದಿನ ವಾಡಿಕೆ. ಯಾರೂ ಹೇಳದಿದ್ದರೂ ಜನ ಏರಿಯ ಕಡೆಗೇ ನಡೆದರು. ಬಹಳ ಮಂದಿ ಅವರ ಸಾಲಿನಲ್ಲಿ ನಿಂತು ಕಲಿತವರು, ತಲೆ ನರೆಯುತ್ತಿದ್ದವರು. ಏರಿಯ ಮೇಲೆ ಹತ್ತಿ, ಕೆಳಗಿನ ಕಪ್ಪು ನೀರನ್ನು ನೋಡುತ್ತ ನಿಂತರು. ಒಬ್ಬಿಬ್ಬರು ಅಂಗಿಯ ಗುಂಡಿ ಬಿಚ್ಚಿದ್ದರು, ಮತ್ತೆ ಹಾಕಿಕೊಂಡರು. ಟ್ರ್ಯಾಕ್ಟರ್ ರಿಪೇರಿಯವನು ಎಲ್ಲರಿಗಿಂತ ಮೊದಲು ಹಿಂದಕ್ಕೆ ತಿರುಗಿದ. ಎಲ್ಲರೂ ಅವನ ಹಿಂದೆ ಶಾಲೆಯ ಅಂಗಳದ ಕೈಪಂಪಿಗೆ ಹೋದೆವು. ಒಬ್ಬೊಬ್ಬರೇ ಪಂಪಿನ ಕೆಳಗೆ ಕುಳಿತರು, ಇನ್ನೊಬ್ಬರು ಹೊಡೆದರು. ಬೇಸಿಗೆ. ಸಾಲು ಉದ್ದವಿತ್ತು. ನನ್ನ ಸರದಿ ಬಂದಾಗ ಪಂಪು ಗಾಳಿ ಎಳೆಯುತ್ತಿತ್ತು. ಬಂದಷ್ಟನ್ನು ಅಂಗೈಯಲ್ಲಿ ಹಿಡಿದು ತಲೆಗೆ ಚಿಮುಕಿಸಿಕೊಂಡು ಎದ್ದೆ. ನನ್ನ ಹಿಂದೆ ಇನ್ನೂ ಜನವಿದ್ದರು.